ಒಗೆಯಬಾರದಿದ್ದ ಸೀರೆ

ಕಳೆದ ವಾರ ಶಹಾಪುರದ ಹಳೆಯ ಬಜಾರಿನಲ್ಲಿ, ಹಿಂಡಿ ಮಾರುವ ಅಂಗಡಿಯ ಮುಂದೆ ನೆರಳಿಗೆಂದು ನಿಂತಿದ್ದೆ. ಮೊಮ್ಮಗಳು ಎದುರಿನ ಅಂಗಡಿಯಲ್ಲಿ ಬಳೆ ಇಡಿಸಿಕೊಳ್ಳುತ್ತಿದ್ದಳು. ಅಂಗಡಿಯವನು ಬಾಗಿಲ ಬಳಿ ಒಂದು ಬಕೆಟ್ಟಿನಲ್ಲಿ ಹತ್ತಿಕಾಳು ನೆನೆಹಾಕಿದ್ದ. ನೆನೆದ ಹತ್ತಿಕಾಳಿಗೆ ಒಂದು ವಾಸನೆಯಿದೆ. ಹಾಲು ಕಾಯಿಸಿದ ಪಾತ್ರೆಯ ತಳಕ್ಕೆ ಹತ್ತಿರವಾದದ್ದು. ಅದು ಮೂಗಿಗೆ ಬಿದ್ದದ್ದೇ ನನ್ನ ಬಲಗೈ ಚರಗಿ ಹಿಡಿದಂತೆ ತಾನಾಗಿ ವಾಲಿತು, ನೀರು ಹೊಯ್ಯಲು. ಯಾರ ಕೈಮೇಲೆ ಹೊಯ್ಯುತ್ತಿದ್ದೆ ಎಂಬುದು ಆಮೇಲೆ ನೆನಪಾಯಿತು...

ಆಕೆ ನಮ್ಮ ನೆರೆಮನೆಯವಳು. ಓಣಿಯವರೆಲ್ಲ ಖಾಲಾ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಗಂಡ ನಿಜಾಮನ ಕಾಲದ ಕಚೇರಿಯಲ್ಲಿ ಜವಾನ. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ನಿಜಾಮನ ರಾಜ್ಯ ಮುಗಿಯುತ್ತಿದ್ದ ಆ ವರ್ಷಗಳ ಬಗ್ಗೆ ಕೇಳಿದ ಸುದ್ದಿ ಬಹಳ. ಅದರಲ್ಲಿ ಎಷ್ಟು ನಿಜವೋ ನನಗೆ ತಿಳಿಯದು. ಕಂಡದ್ದನ್ನಷ್ಟೇ ಬರೆಯುತ್ತೇನೆ.

ಸುರಪುರದ ಕಡೆಯ ಹಳ್ಳಿಯಿಂದ ನಾನು ಮದುವೆಯಾಗಿ ಬಂದಾಗ ನನ್ನ ಹಿಂದೆ ಒಂದು ಗಬ್ಬದ ಎಮ್ಮೆಯೂ ನಡೆದು ಬಂದಿತ್ತು. ಅಪ್ಪ ಕೊಟ್ಟ ಬಳುವಳಿ. ಆ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ. ಮಳೆಗಾಲದ ಮೊದಲಲ್ಲಿ ಕರು ಹಾಕಿತು, ಕರು ಬದುಕಲಿಲ್ಲ. ಕರು ಸತ್ತ ಎಮ್ಮೆ ಹಾಲನ್ನು ಮೇಲಕ್ಕೆ ಏರಿಸಿಕೊಂಡುಬಿಡುತ್ತದೆ. ನಾನು ಹಿಂಡಲು ಕುಳಿತರೆ ಒದೆಯಿತು. ಅತ್ತೆ ಕುಳಿತರು, ಕೆಚ್ಚಲು ಕಲ್ಲಿನಂತೆಯೇ ಇತ್ತು. ಗೋಡೆಯಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದ ಖಾಲಾ ಸುತ್ತಿ ಬಂದು, "ಸರಿ ಬೇಟಿ, ನಾ ನೋಡ್ತೀನಿ," ಎಂದಳು. ಎಮ್ಮೆಯ ಪಕ್ಕೆಗೆ ಹಣೆ ಆನಿಸಿ ಕುಳಿತು ಏನೋ ಗುನುಗಿದಳು. ಅದು ಪೂರ್ತಿ ಉರ್ದುವೂ ಅಲ್ಲ, ಕನ್ನಡವೂ ಅಲ್ಲ: "ಆವ್ ಮಾ, ಆವ್... ಬಿಡವ್ವಾ, ಬಿಡು..." ಎಮ್ಮೆ ಕಣ್ಣು ಮುಚ್ಚಿತು. ಚರಗಿಯಲ್ಲಿ ಹಾಲು ಸದ್ದು ಮಾಡಿತು.

ಅಂದಿನಿಂದ ಎರಡೂ ಹೊತ್ತು ಆಕೆಯೇ ಹಿಂಡಬೇಕಾಯಿತು. ಅದಕ್ಕೊಂದು ಕಟ್ಟಳೆಯಿತ್ತು. ಖಾಲಾ ಮುಟ್ಟಿದ ನೀರನ್ನು ನಮ್ಮ ಮನೆಯಲ್ಲಿ ಕುಡಿಯುತ್ತಿರಲಿಲ್ಲ. ಆಕೆ ಹಿಂಡಿದ ಹಾಲನ್ನು ಕುಡಿಯುತ್ತಿದ್ದೆವು. ಹಾಲಿಗೆ ಮೈಲಿಗೆಯಿಲ್ಲ ಎನ್ನುತ್ತಿದ್ದರು ಅತ್ತೆ. ಹಾಗಾದರೆ ಕೆಚ್ಚಲು ತೊಳೆಯುವ ನೀರು? ಅದಕ್ಕೂ ದಾರಿ ಹುಡುಕಿದ್ದರು: ಚರಗಿ ನಮ್ಮದು, ನೀರು ನಮ್ಮದು, ಹೊಯ್ಯುವ ಕೈ ನನ್ನದು. ಖಾಲಾ ಕುಳಿತು ಎರಡೂ ಕೈ ಒಡ್ಡುವಳು, ನಾನು ತಾಗದ ಹಾಗೆ ತುಸು ಮೇಲಿನಿಂದ ಹೊಯ್ಯುವೆ. ನನ್ನ ತವರಿನ ಎಮ್ಮೆ. ಅದರ ಪಕ್ಕದಲ್ಲಿ ನಾನು ನೀರು ಹೊಯ್ಯುವವಳು.

"ಇಷ್ಟೆಲ್ಲಾ ಕಾನೂನು ಎಮ್ಮಿಗಿ ಯಾರು ಹೇಳ್ಯಾರ ಬೇಟಿ?" ಎಂದು ಒಮ್ಮೆ ಖಾಲಾ ನಕ್ಕಳು. "ಅದು ನನ್ನ ಕೈ ನೆಕ್ತದ. ಆಮ್ಯಾಲ ನಿನ್ನ ಕೈ ನೆಕ್ತದ. ಈಗ ಮೈಲಿಗಿ ಆದವರು ಯಾರು, ಹೇಳು ನೋಡಮು?"

"ನನ್ನ ಕೈ ಎಲ್ಲಿ ನೆಕ್ತದ ಬಿಡ್ರಿ ಖಾಲಾ," ಎಂದೆ.

ಅದು ನಿಜವಾಗಿತ್ತು. ಹೊಟ್ಟು ಹಾಕುವವಳು ನಾನು, ಹತ್ತಿಕಾಳು ನೆನೆಹಾಕುವವಳು ನಾನು, ಸಗಣಿ ಬಳಿಯುವವಳು ನಾನು. ಬಾಯಿತುಂಬ ಕರೆದರೂ ನನ್ನ ಕಡೆ ತಿರುಗದ ಅದರ ಕಿವಿ, ಗೋಡೆಯಾಚೆ ಆಕೆಯ ಬಾಗಿಲ ಚಿಲಕದ ಸದ್ದಿಗೆ ತಿರುಗುತ್ತಿತ್ತು. ಬಂದ ನೆಂಟರ ಮುಂದೆಲ್ಲ ಅತ್ತೆ, "ನಮ್ಮ ಸೊಸಿ ಕುಂತ್ರ ಎಮ್ಮಿ ಕಲ್ಲಾಗ್ತದ, ಖಾಲಾ ಕುಂತ್ರ ಕೆರಿ ಆಗ್ತದ," ಎನ್ನುವರು. ನನ್ನ ಗಂಡನೂ ನಗುವನು. ಆಕೆಯಂತೆಯೇ ಎಲೆಯಡಿಕೆ ಹಾಕಿಕೊಂಡು, ಆಕೆಯಂತೆಯೇ ಹಣೆ ಆನಿಸಿ ಕುಳಿತು ನೋಡಿದೆ. ಒದೆ ತಿಂದೆ. ಸವತಿಯ ಮೇಲೆ ಉರಿಯುವ ಹೊಟ್ಟೆ ಹೇಗಿರುತ್ತದೋ ನನಗೆ ಗೊತ್ತಿಲ್ಲ... ನನ್ನದು ಉರಿದದ್ದು ಎಮ್ಮೆಗಾಗಿ.

ಅದೇ ಮಳೆಗಾಲದಲ್ಲಿ ಗದ್ದಲ ಹೆಚ್ಚಾಯಿತು. ನಿಜಾಮನ ಪರವಾಗಿ ಕೋವಿ ಹಿಡಿದವರು ಹಿಂದೂಗಳ ಹಳ್ಳಿಗಳಿಂದ ದನ ಹೊಡೆದುಕೊಂಡು ಹೋಗುತ್ತಿದ್ದಾರೆ ಎಂಬ ಸುದ್ದಿ ದಿನಾ ಬರುತ್ತಿತ್ತು. ಒಂದು ಮುಂಜಾನೆ ಖಾಲಾ ಬಂದು, ಅತ್ತೆಗೆ ಒಂದೇ ಮಾತು ಹೇಳಿ, ಎಮ್ಮೆಯನ್ನು ಬಿಚ್ಚಿ ತನ್ನ ಅಂಗಳದಲ್ಲಿ ಕಟ್ಟಿಕೊಂಡಳು. ಆ ದಿನಗಳಲ್ಲಿ ಯಾರ ಅಂಗಳದಲ್ಲಿ ಕಟ್ಟಿದೆಯೋ ಅದೇ ಎಮ್ಮೆಯ ಜಾತಿ. ಅದು ಉಳಿದದ್ದು ಆಕೆಯಿಂದ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಗೋಡೆಯ ಮೇಲಿಂದ ಬಗ್ಗಿ, ನನಗಿಂತ ಆಕೆಯ ಬಳಿ ಅದು ಹೆಚ್ಚು ಮೇಯುತ್ತಿದೆಯೇ ಎಂದು ನೋಡುತ್ತಿದ್ದೆ.

ಮುಂದೆ ದಂಡು ಬಂತು, ನಿಜಾಮನ ರಾಜ್ಯ ಹೋಯಿತು. ನಮ್ಮ ಓಣಿಯಲ್ಲಿ ನಾನು ಕಂಡದ್ದು ಇಷ್ಟು: ಖಾಲಾನ ಮನೆಯಿದ್ದ ಮುಸಲ್ಮಾನರ ಸಾಲಿನ ಬಾಗಿಲುಗಳೆಲ್ಲ ಹಗಲಲ್ಲೇ ಮುಚ್ಚಿಕೊಂಡವು. ಒಂದು ಬಾಗಿಲು ಮುರಿದಿತ್ತು. ಅದರ ಹಲಗೆ ದಾರಿಯಲ್ಲಿ ಬಿದ್ದಿತ್ತು, ಯಾರೂ ಎತ್ತಲಿಲ್ಲ. ಅತ್ತೆ ಯಾರನ್ನೂ ಕೇಳದೆ ಹೋಗಿ ಎಮ್ಮೆಯ ಜೊತೆಗೆ ಖಾಲಾನ ಆಡನ್ನೂ ತಂದು ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿದರು. ಎಮ್ಮೆ ಆ ಅಂಗಳಕ್ಕೆ ಹೋದದ್ದು, ಆಡು ಈ ಅಂಗಳಕ್ಕೆ ಬಂದದ್ದು, ಎರಡೂ ಒಂದೇ ಮಳೆಗಾಲದಲ್ಲಿ.

ಸುಗ್ಗಿಯ ಹೊತ್ತಿಗೆ, ಹೈದರಾಬಾದಿನಲ್ಲಿದ್ದ ಮಗ ಕರೆಸಿಕೊಳ್ಳುತ್ತಿದ್ದಾನೆ, ಹೊರಟಿದ್ದೇವೆ ಎಂದಳು ಖಾಲಾ. ಯಾದಗಿರಿ ಸ್ಟೇಷನ್ನಿಗೆ ಹೋಗುವ ಬಂಡಿ ಬಾಗಿಲಲ್ಲಿ ನಿಂತಿತ್ತು. ಆಕೆ ಒಳಗೆ ಹೋಗಿ, ಮೈಮೇಲಿದ್ದ ಹಸಿರು ಸೀರೆ ಬಿಚ್ಚಿ, ಬೇರೆ ಉಟ್ಟು ಬಂದಳು. ಬಿಚ್ಚಿದ್ದನ್ನು ಗೋಡೆಯ ಮೇಲಿಂದ ನನ್ನ ಕೈಗೆ ಕೊಟ್ಟಳು.

"ಇದನ್ನ ಉಟ್ಕೊಂಡು ಕುಂದ್ರು. ಸೆರಗು ಅದರ ಮೂಗಿನ ಕಡಿ ಇರ್ಲಿ. ಬಾಯಿ ಬಿಡಬ್ಯಾಡ, ನಿನ್ನ ದನಿ ಅದಕ್ಕ ಗೊತ್ತದ. ಮತ್ತ, ಒಗೀಬ್ಯಾಡ. ನೆನಪಿರ್ಲಿ ಬೇಟಿ, ಒಗೀಬ್ಯಾಡ."

"ಎಷ್ಟು ದಿನ ಉಡ್ಲಿ ಖಾಲಾ?"

"ಅದು ನನ್ನ ಮರಿಯೋತನಕ." ಆಮೇಲೆ ಆ ಕಡೆ ಮುಖ ತಿರುಗಿಸಿ, "ಲಗೂನ ಮರೀತದ ಬಿಡು. ದನ ಅದು," ಎಂದಳು.

ಸಂಜೆ ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ಕಾವಲು ಕಾದರು. "ಕೊಟ್ಟಿಗ್ಯಾಗ ಉಡು, ಕೊಟ್ಟಿಗ್ಯಾಗ ಬಿಚ್ಚು. ಹೊಸ್ತಿಲ ದಾಟಿಸಬ್ಯಾಡ." ಉಟ್ಟೆ. ಆಕೆ ಹಲ್ಲಿಗೆ ಹಚ್ಚುತ್ತಿದ್ದ ಮಿಸ್ಸಿ, ಎಲೆಯಡಿಕೆ, ಬೆವರು, ಒಲೆಯ ಹೊಗೆ, ಎಲ್ಲ ಅದರಲ್ಲಿತ್ತು. ಎಮ್ಮೆ ಸೆರಗು ಮೂಸಿತು. ದೊಡ್ಡ ಉಸಿರು ಬಿಟ್ಟಿತು. ಹಾಲು ಇಳಿಯಿತು. ಮೊದಲ ಸಲ ನನ್ನ ಕೈ ನೆಕ್ಕಿತು... ನೆಕ್ಕಿದ್ದು ನನ್ನನ್ನಲ್ಲ ಎಂದು ನನಗೆ ತಿಳಿದಿತ್ತು. ಚರಗಿಯಲ್ಲಿ ನೊರೆ ಏರುತ್ತಿತ್ತು, ನನ್ನ ಹೊಟ್ಟೆಯಲ್ಲಿ ಕಿಚ್ಚು ಏರುತ್ತಿತ್ತು. ಆಕೆ ಊರಲ್ಲೇ ಇಲ್ಲ, ಆದರೂ ಎಮ್ಮೆ ಆಕೆಯದೇ.

ಯುಗಾದಿ ಹತ್ತಿರ ಬಂದಾಗ ಅತ್ತೆ ಮನೆಯ ಬಟ್ಟೆಯನ್ನೆಲ್ಲ ಬಾವಿಗೆ ಹೊತ್ತರು. ನಾನು ಹೊಲದಿಂದ ಬರುವಷ್ಟರಲ್ಲಿ ಬೇಲಿಯ ಮೇಲೆ ಹಸಿರು ಸೀರೆ ಒಣಗುತ್ತಿತ್ತು. ಸವಳುಮಣ್ಣು ಹಾಕಿ ತಿಕ್ಕಿದ್ದರು. ಬಣ್ಣ ಹೊಸದರಂತೆ ಹೊಳೆಯುತ್ತಿತ್ತು.

"ಅತ್ತಿ, ಒಗೀಬ್ಯಾಡ ಅಂದಿದ್ದಳಲ್ರಿ!"

"ವರ್ಷದ ಹಬ್ಬಕ್ಕ ಮಾಸಿದ ಅರಿವಿ ಕೊಟ್ಟಿಗ್ಯಾಗ ಇಟ್ಕೊಂಡು ಕುಂದ್ರೂದೇನು? ನಾಳಿ ಅಕಿ ಬಂದ್ರ ಹೊಲಸು ಸೀರಿ ಕೈಗಿ ಕೊಡ್ಲೇನು ನಾ?" ಎಂದರು ಅತ್ತೆ.

ಆಕೆ ಬರುತ್ತಾಳೆಂದು ಅತ್ತೆ ನಂಬಿದ್ದರು. ಅದು ನನಗೆ ಗೊತ್ತಾದದ್ದು ಆಗಲೇ.

ಸಂಜೆ ಸೀರೆ ಉಟ್ಟು ಕುಳಿತೆ. ಎಮ್ಮೆ ಸೆರಗು ಮೂಸಿತು. ಮತ್ತೆ ಮೂಸಿತು. ತಲೆಯೆತ್ತಿ ಗೋಡೆಯ ಕಡೆ ನೋಡಿ ಕೂಗಿತು. ಹತ್ತಿಕಾಳು ಮುಟ್ಟಲಿಲ್ಲ, ಹಾಲು ಬಿಡಲಿಲ್ಲ. ಹೊರಗೆ ಬಿಟ್ಟರೆ ಗೋಡೆಯ ಮೇಲೆ ಮೂತಿಯಿಟ್ಟು, ಬೀಗ ಬಿದ್ದ ಆ ಮನೆಯ ಕಡೆ ನೋಡುತ್ತ ನಿಲ್ಲುತ್ತಿತ್ತು; ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಿತ್ತು.

"ನಿಮ್ಮ ಎಮ್ಮಿಗಿ ಏನಾಗ್ಯಾದ್ರಿ?" ಎಂದು ದಾರಿಯಲ್ಲಿ ಹೋಗುವವರು ಕೇಳಿದರು.

"ಕರುವಿನ ನೆನಪಾಗ್ಯಾದ," ಎಂದರು ಅತ್ತೆ.

ಖಾಲಾನ ಹೆಸರನ್ನು ನಾವು ಯಾರೂ ಎತ್ತಲಿಲ್ಲ. ದಂಡು ಬಂದ ಮೇಲೆ ಆ ಸಾಲಿನವರಿಗಾಗಿ ಬಾಯಿಬಿಟ್ಟು ಮರುಗುವ ಹಾಗಿರಲಿಲ್ಲ. ಎಮ್ಮೆ ಕೂಗಿದಾಗಲೆಲ್ಲ ಅತ್ತೆ ಬಾಯಿಗೆ ಸೆರಗು ಹಿಡಿದುಕೊಳ್ಳುತ್ತಿದ್ದರು, ಅಷ್ಟೇ.

ಎಮ್ಮೆಯ ಹಾಲು ಬತ್ತಿತು. ಮುಂದಿನ ಸಲ ಅದು ಹಾಕಿದ ಕರು ಬದುಕಿತು, ನನ್ನ ಕೈಗೂ ಹಾಲು ಇಳಿಯಿತು. ನನ್ನ ಬಳೆಯ ಸದ್ದಿಗೆ ಅದರ ಕಿವಿ ತಿರುಗತೊಡಗಿತು. ಬೇಕೆಂದದ್ದು ಸಿಕ್ಕಿತು. ಗೋಡೆಯಾಚೆ ಬೇರೆ ಜನ ಬಂದರು. ಖಾಲಾ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಸೀರೆಯನ್ನು ಅತ್ತೆ ಬಹಳ ವರ್ಷ ಮಡಚಿಟ್ಟಿದ್ದರು. ಕೊನೆಗೆ ಕೌದಿಗೆ ಸೇರಿತು. ನನ್ನ ಮಕ್ಕಳು ಅದನ್ನು ಹೊದ್ದು ಬೆಳೆದರು.

"ಮನ್ಯಾಗ ಎಮ್ಮಿ ಅದಾವೇನ್ರಿ, ಅವ್ವಾರ?" ಎಂದ ಹಿಂಡಿ ಅಂಗಡಿಯವನು.

"ಇಲ್ಲಪಾ."

"ಮತ್ತ ಬಕೇಟಿನ್ಯಾಗ ಯಾಕ ಕೈ ಹಾಕೀರಿ?"

ನೋಡಿಕೊಂಡೆ. ಮುಷ್ಟಿಯಲ್ಲಿ ಹತ್ತಿಕಾಳಿತ್ತು, ಬೆರಳ ಸಂದಿಯಿಂದ ನೀರು ಸೋರುತ್ತಿತ್ತು. ಕಾಳನ್ನು ಮತ್ತೆ ಬಕೆಟ್ಟಿಗೆ ಬಿಟ್ಟೆ. ಖಾಲಾನ ಮೇಲಿನ ನನ್ನ ಹೊಟ್ಟೆಕಿಚ್ಚು ಯಾವಾಗಲೋ ಆರಿಹೋಗಿದೆ. ಎಮ್ಮೆಯ ಮೇಲಿನದು ಆರಿಲ್ಲ. ಅದು ಗೋಡೆಯ ಮೇಲೆ ಮುಖವಿಟ್ಟು ಓಣಿಗೆಲ್ಲ ಕೇಳುವ ಹಾಗೆ ಕೂಗಿತು. ನಾನು ಚರಗಿ ಹಿಡಿದುಕೊಂಡು ಅದರ ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ.