ಬೀಗರ ಪಕ್ಕದ ಕುರ್ಚಿ

"ನಾ ಉಣ್ಣಂಗಿಲ್ಲ. ಒಬ್ಬರಾದ್ರೂ ಬಂದು ಊಟಕ್ಕ ಕರದ್ರೇನ್ರಿ?"

ಛತ್ರಪತಿ ಸಂಭಾಜಿನಗರದ ಮದುವೆ ಹಾಲ್‌ನ ಹೊರಗೆ ಕುರ್ಚಿ ಹಾಕಿಕೊಂಡು ಹೀಗೆ ಗುಡುಗಿದವರು ಗಂಡಿನ ದೊಡ್ಡಪ್ಪ, ಅಂದರೆ ನನ್ನ ಹೊಸ ಬೀಗರು. ಹುಡುಗಿಯ ತಂದೆಯಾದ ನಾನು ಕೈ ಮುಗಿದೆ, ನನ್ನ ಹೆಂಡತಿ ಬೇಡಿಕೊಂಡಳು. ಜಪ್ಪಯ್ಯ ಎಂದರೂ ಏಳಲಿಲ್ಲ. ಅವರು ಉಣ್ಣದೆ ಗಂಡಿನ ಕಡೆಯ ಒಬ್ಬರೂ ಪಂಕ್ತಿಗೆ ಕೂರುವಂತಿರಲಿಲ್ಲ. ಬೀಗರು ಹಸಿದು ಹೋದರೆ ಮಗಳು ಜೀವನವಿಡೀ ಆ ಮಾತು ಕೇಳಬೇಕಲ್ಲ!

ಆಗ ಎದ್ದು ಬಂದವರು ನಾಸಿಕದಲ್ಲಿ ನಮ್ಮ ಮೇಲಿನ ಮನೆಯಲ್ಲಿರುವ ಪಾಟೀಲ ಕಾಕಾ. ಕಲಬುರಗಿಯವರು, ಹಲವು ದೇಶಗಳಲ್ಲಿ ರಾಯಭಾರಿಯಾಗಿದ್ದು ನಿವೃತ್ತರಾದವರು. ಇನ್ನು ನಯವಾದ ಮಾತು ಶುರುವಾಗುತ್ತದೆ ಅಂದುಕೊಂಡೆ. ಅವರು ಇನ್ನೊಂದು ಕುರ್ಚಿ ಎಳೆದು ಬೀಗರ ಪಕ್ಕದಲ್ಲೇ ಕೂತು, ಅವರಿಗಿಂತ ದೊಡ್ಡದಾಗಿ ಮುಖ ಊದಿಸಿಕೊಂಡರು.

"ನನಗೂ ಯಾರೂ ಕರದಿಲ್ಲ ನೋಡ್ರಿ. ನಾನೂ ಉಣ್ಣಂಗಿಲ್ಲ."

ಬೀಗರು ತಬ್ಬಿಬ್ಬಾದರು. "ವಯಸ್ಸಾದೋರು ಉಪಾಸ ಇರಬಾರ್ದು, ಏಳ್ರಿ" ಎಂದರು. ಕಾಕಾ ಅಲುಗಲಿಲ್ಲ. ಕೊನೆಗೆ ಬೀಗರೇ ಅವರ ಕೈ ಹಿಡಿದು ಎಬ್ಬಿಸಿ, ಪಂಕ್ತಿಯಲ್ಲಿ ತಮ್ಮ ಪಕ್ಕಕ್ಕೆ ಕೂರಿಸಿಕೊಂಡು, ಹೋಳಿಗೆಯ ಮೇಲೆ ತಾವೇ ತುಪ್ಪ ಸುರಿದರು.

"ಪರದೇಶದಾಗೂ ಇದೇ ಕೆಲಸ ಇತ್ತೇನ್ರಿ ಕಾಕಾ?" ಎಂದು ಆಮೇಲೆ ಕೇಳಿದೆ.

"ಹೌದ್ರಿ, ಇದೇ. ಆದ್ರ ಅಲ್ಲಿ ಹೋಳಿಗಿ ಸಿಗ್ತಿದ್ದಿಲ್ಲ" ಎಂದು ನಕ್ಕರು.

ಮೊನ್ನೆ ನಾನು ಸಿಟ್ಟು ಮಾಡಿಕೊಂಡು ಬಾಲ್ಕನಿಯಲ್ಲಿ ಕೂತಿದ್ದೆ. ಹೆಂಡತಿಯೂ ಮುಖ ಊದಿಸಿಕೊಂಡು ಇನ್ನೊಂದು ಕುರ್ಚಿ ತಂದು ಪಕ್ಕಕ್ಕೆ ಹಾಕಿಕೊಂಡು ಕೂತಳು. ಕೊನೆಗೆ ಎದ್ದು ಹೋಗಿ ಇಬ್ಬರಿಗೂ ಚಹಾ ಮಾಡಿದವನು ನಾನೇ.