ಫಿನಿಶ್ ಆಗಿತ್ತು, ಕಂಪ್ಲೀಟ್ ಆಗಿರಲಿಲ್ಲ

ಪೀಣ್ಯದ ಒಂದು ಸಣ್ಣ ಮಷೀನ್ ಶಾಪಿಗೆ ನಾನು ಕೆಲಸಕ್ಕೆ ಸೇರಿದಾಗ ಮಗಳು ಒಂದನೇ ಕ್ಲಾಸಿಗೆ ಹೋಗಲು ಶುರು ಮಾಡಿದ್ದಳು. ಚಿಕ್ಕಬಾಣಾವರದ ಮನೆಯಿಂದ ಹೊರಟು, ಅವಳನ್ನು ಸ್ಕೂಲಿಗೆ ಬಿಟ್ಟು, ಬಸ್ಸು ಹಿಡಿದು ಒಂಬತ್ತೂವರೆಗೆ ಶಾಪು ಸೇರುತ್ತಿದ್ದೆ. ಅಲ್ಲಿದ್ದ ಹನ್ನೊಂದು ಜನರಲ್ಲಿ ಬಿ.ಎ. ಮಾಡಿದವಳು ನಾನೊಬ್ಬಳೇ. ಅದರಲ್ಲೂ ಇಂಗ್ಲಿಷನ್ನು ಐಚ್ಛಿಕವಾಗಿ ಓದಿದ್ದೆ. ಹಾಗಾಗಿ ಮೇಲ್ ಬರೆಯುವುದು, ಡ್ರಾಯಿಂಗ್ ಮೇಲಿನ ಟಿಪ್ಪಣಿ ಓದಿ ಹೇಳುವುದು, ಜಾಬ್ ಕಾರ್ಡ್ ತುಂಬುವುದು ಎಲ್ಲವೂ ನನ್ನ ಪಾಲಿಗೆ ಬಂತು. ಜಾಬ್ ಕಾರ್ಡ್ ಎಂದರೆ ಪ್ರತಿ ಟ್ರೇ ಜೊತೆ ಓಡಾಡುವ ರಟ್ಟಿನ ಚೀಟಿ. ಕೆಲಸ ಎಲ್ಲಿಯವರೆಗೆ ಬಂದಿದೆ ಎಂದು ಮುಂದಿನವರಿಗೆ ಗೊತ್ತಾಗುವುದು ಅದರಿಂದಲೇ.

ಎಲ್ಲರೂ ನನ್ನನ್ನು ‘ಇಂಗ್ಲಿಷ್ ಮೇಡಂ’ ಅನ್ನುತ್ತಿದ್ದರು. ಹಾಗೆಲ್ಲ ಕರೀಬೇಡಿ ಎಂದು ಬಾಯಲ್ಲಿ ಹೇಳುತ್ತಿದ್ದೆ, ಒಳಗೊಳಗೆ ಖುಷಿಯಾಗುತ್ತಿತ್ತು.

ಆ ಸಲ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಗೆ ನಾನೂರು ಸ್ಟೀಲ್ ಪಿನ್ನು ಮಾಡಿಕೊಡಬೇಕಿತ್ತು. ಮೊದಲು ಲೇತಿನಲ್ಲಿ ಅಳತೆಗಿಂತ ಕೂದಲೆಳೆಯಷ್ಟು ದಪ್ಪವಾಗಿ ಕಡೆಯಬೇಕು, ಆಮೇಲೆ ಗ್ರೈಂಡಿಂಗ್ ಮಷೀನಿನಲ್ಲಿ ಉಜ್ಜಿ ಸರಿಯಾದ ಅಳತೆಗೆ ತರಬೇಕು. ಗ್ರೈಂಡಿಂಗ್ ಮಾಡುತ್ತಿದ್ದವರು ರಾಜಗೋಪಾಲನಗರದಿಂದ ಬರುತ್ತಿದ್ದ ಐವತ್ತು ದಾಟಿದ ಅಣ್ಣ. ಶಾಪು ಶುರುವಾದಾಗಿನಿಂದಲೂ ಆ ಮಷೀನು ಅವರದೇ. ಆ ವಾರ ಎರಡು ದಿನ ರಜೆಯ ಮೇಲೆ ಊರಿಗೆ ಹೋಗಿದ್ದರು.

ಲೇತಿನವನು ಬಂದು, “ಮೇಡಂ, ಪಿನ್ ಫಿನಿಶ್ ಆಯ್ತು” ಅಂದ. ನಾನು ಕಾರ್ಡ್ ತೆಗೆದುಕೊಂಡೆ. ‘ಫಿನಿಶ್ಡ್’ ಎಂದು ಬರೆಯಲು ಹೋದವಳು ತಡೆದೆ. ಅದು ಯಾಕೋ ಬಡಪಾಯಿ ಪದ ಅನ್ನಿಸಿತು. ‘ಕಂಪ್ಲೀಟೆಡ್’ ಅಂದರೆ ಗತ್ತು ಇರುತ್ತದೆ. ಅರ್ಥವೇನು ಬೇರೆಯೇ? ದುಂಡಗಿನ ಅಕ್ಷರದಲ್ಲಿ ಬರೆದು ಸಹಿ ಹಾಕಿದೆ. ಕಾರ್ಡ್ ನೋಡಿದ ಪ್ಯಾಕಿಂಗಿನವರು ಅಂದೇ ಡಬ್ಬಿ ಕಟ್ಟಿ ಟೆಂಪೋ ಹತ್ತಿಸಿದರು.

ಮೂರನೇ ದಿನ ಬೆಳಗ್ಗೆ ಅದೇ ಡಬ್ಬಿಗಳು ವಾಪಸು ಬಂದವು. ಒಂದು ಪಿನ್ನೂ ಆ ಕಂಪನಿಯವರ ಬಿಡಿಭಾಗದ ತೂತಿನೊಳಗೆ ಹೋಗಲಿಲ್ಲವಂತೆ. ಮಾಲೀಕರು ನನ್ನನ್ನು ಕರೆದು ಕಾರ್ಡನ್ನು ಮೇಜಿನ ಮೇಲಿಟ್ಟರು.

“ಇದು ಬರೆದಿದ್ದು ಯಾರಮ್ಮ?”

“ನಾನೇ ಸಾರ್.”

“ಗ್ರೈಂಡಿಂಗೇ ಆಗಿಲ್ವಲ್ಲ ಇದು!”

“ಫಿನಿಶ್ ಆಯ್ತು ಅಂದ್ರು ಸಾರ್, ಅದಕ್ಕೇ...”

ಅವರು ಕೂಗಾಡಲಿಲ್ಲ. ಹಣೆ ಉಜ್ಜಿಕೊಂಡು, “ನಾಳೆ ಆ ಕಂಪನಿಯ ಕ್ವಾಲಿಟಿ ಮೇಡಂಗೆ ನೀವೇ ಫೋನ್ ಮಾಡಿ ವಿಷಯ ಹೇಳಿ” ಎಂದಷ್ಟೇ ಹೇಳಿದರು. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು.

ರಜೆ ಮುಗಿಸಿ ಬಂದಿದ್ದ ಗ್ರೈಂಡಿಂಗ್ ಅಣ್ಣ ವಾಪಸು ಬಂದ ಪಿನ್ನನ್ನೂ ತಾವು ಹಿಂದೆ ಉಜ್ಜಿದ್ದ ಇನ್ನೊಂದನ್ನೂ ನನ್ನ ಕೈಗಿಟ್ಟರು. “ಉಗುರಲ್ಲಿ ಗೀರಿ ನೋಡಿ ಮೇಡಂ.” ಒಂದರ ಮೇಲೆ ಉಗುರು ಸಣ್ಣಗೆ ತಡೆತಡೆದು ಸಾಗಿತು. ಇನ್ನೊಂದರ ಮೇಲೆ ಜಾರಿಯೇ ಹೋಯಿತು.

“ಲೇತ್ ಮೇಲೆ ಮೊದ್ಲು ಒರಟಾಗ್ ಕಡೆಯೋ ರಫ್ ಕಟ್ಟು, ಆಮೇಲೆ ನಯ ಮಾಡೋ ಫಿನಿಶ್ ಕಟ್ಟು. ಅವ್ನು ಫಿನಿಶ್ ಆಯ್ತು ಅಂದ್ರೆ ಅವನ್ ಕಟ್ಟು ಆಯ್ತು ಅಂತ. ಪಿನ್ ಕೆಲ್ಸ ಆಯ್ತು ಅಂತ ಅಲ್ಲ.”

“ಡಿಕ್ಷನರಿಲಿ ಎರಡಕ್ಕೂ ಒಂದೇ ಅರ್ಥ ಅಣ್ಣ.”

“ಅಂಗಾರೆ ಡಿಕ್ಷನರಿ ಬರ್ದೋನು ಗ್ರೈಂಡಿಂಗ್ ನೋಡಿಲ್ಲ ಬಿಡಿ.”

ನನಗೆ ಅಳುವೂ ನಗುವೂ ಒಟ್ಟಿಗೆ ಬಂತು.

ಅಂದು ಸಂಜೆ ಮಗಳಿಗೆ ಬಡಿಸಿ, “ಬೇಗ ಊಟ ಫಿನಿಶ್ ಮಾಡು, ಆಮೇಲೆ ಹೋಂವರ್ಕ್ ಕಂಪ್ಲೀಟ್ ಮಾಡ್ಬೇಕು” ಅಂದೆ. ದಿನಾ ಹೇಳುವ ಮಾತೇ. ಅಂದು ಮಾತ್ರ ಕಿವಿಗೆ ಬೇರೆಯಾಗಿ ಕೇಳಿಸಿತು. ಊಟ ಫಿನಿಶ್ ಆದರೆ ತಟ್ಟೆ ಖಾಲಿಯಾಗುತ್ತದೆ. ಹೋಂವರ್ಕ್ ಕಂಪ್ಲೀಟ್ ಆದರೆ ಪುಟ ತುಂಬುತ್ತದೆ. ಒಂದರಲ್ಲಿ ಏನೂ ಉಳಿಯಬಾರದು, ಇನ್ನೊಂದರಲ್ಲಿ ಏನೂ ಬಿಟ್ಟುಹೋಗಿರಬಾರದು. ಇಷ್ಟು ವರ್ಷ ಅದಲುಬದಲಾಗದೆ ಸರಿಯಾಗಿಯೇ ಬಳಸುತ್ತಿದ್ದೆ, ಆದರೂ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ. ಸೌಟು ಹಿಡಿದುಕೊಂಡು ಹಾಗೇ ನಿಂತಿದ್ದೆ. “ಅಮ್ಮಾ, ಸಾರು” ಅಂದಳು ಮಗಳು.

ಮರುದಿನ ಎಲೆಕ್ಟ್ರಾನಿಕ್ ಸಿಟಿಗೆ ಫೋನ್ ಮಾಡಿದೆ. ಕ್ವಾಲಿಟಿ ನೋಡಿಕೊಳ್ಳುವ ಆ ಹೆಂಗಸಿನ ಹತ್ತಿರ ಅದುವರೆಗೆ ಮೇಲಿನಲ್ಲಿ ಮಾತ್ರ ವ್ಯವಹರಿಸಿದ್ದೆ. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದಿಟ್ಟುಕೊಂಡಿದ್ದರೂ ಅದನ್ನು ಓದಲು ಮನಸ್ಸು ಬರಲಿಲ್ಲ. ಚೀಟಿ ಪಕ್ಕಕ್ಕಿಟ್ಟು ಕನ್ನಡದಲ್ಲೇ ಹೇಳಿದೆ: “ತಪ್ಪು ನನ್ನದು ಮೇಡಂ. ಪಿನ್ ಫಿನಿಶ್ ಆಗಿತ್ತು, ಕಂಪ್ಲೀಟ್ ಆಗಿರ್ಲಿಲ್ಲ. ಎರಡೂ ಒಂದೇ ಅಂದ್ಕೊಂಡು ಬರೆದ್ಬಿಟ್ಟೆ.”

ಆ ಕಡೆಯಿಂದ ನಗು ಕೇಳಿಸಿತು. ಮಾತು ಹುಬ್ಬಳ್ಳಿ ಕಡೆಯದು. “ಅಲ್ರೀ, ಇಷ್ಟ್ ಚಂದ ಹೇಳ್ತೀರಿ, ಇದನ್ನ ಕಾರ್ಡಿನ ಮ್ಯಾಲೆ ಬರದಿದ್ರ ಆಗ್ತಿತ್ತಲ್ರೀ! ಇರ್ಲಿ, ಶುಕ್ರವಾರದೊಳಗ ಕಳಸ್ರಿ. ನಮ್ಮಲ್ಲೂ ಈ ಕ್ಲೋಸ್ಡ್, ಕಂಪ್ಲೀಟೆಡ್ ಅನ್ನೂದರಾಗ ದಿನಾ ಜಗಳ ಅದಾವ.”

ಫೋನ್ ಇಟ್ಟ ಮೇಲೆ ಮೈ ಹಗುರವಾಯಿತು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಗ್ರೈಂಡಿಂಗ್ ಅಣ್ಣನ ಪಕ್ಕ ಕೂತು, “ಹೊಸ ಕಾರ್ಡ್ ಮಾಡೋಣ ಅಣ್ಣ, ಏನೇನು ಪದ ಇರ್ಬೇಕು ನೀವು ಹೇಳಿ” ಅಂದೆ. ಅವರು ಮುದ್ದೆ ಮುರಿಯುತ್ತಾ ಸಂಕೋಚದಿಂದ ನಕ್ಕರು.

“ಒಂದ್ ವಿಷ್ಯ ಯೋಳ್ತೀನಿ, ಬೇಜಾರ್ ಮಾಡ್ಕೋಬಾರ್ದು. ಓದ್ ತಿಂಗ್ಳು ನೀವು ‘ಹೋಲ್ ಲಾಟ್ ಚೆಕ್ ಮಾಡಿ’ ಅಂದ್ರಲ್ಲ?”

“ಹೌದು, ಇಡೀ ಲಾಟು.”

“ನಾನು ಬರೀ ತೂತು ನೋಡ್ದೆ.”

ಅನ್ನ ನೆತ್ತಿಗೇರುವಷ್ಟು ನಕ್ಕೆ. ಅವರೂ ನಕ್ಕರು. ಕೇಳಿದರೆ ಎಲ್ಲಿ ದಡ್ಡ ಅಂದುಕೊಳ್ಳುತ್ತಾರೋ ಎಂದು ಸುಮ್ಮನಿದ್ದರಂತೆ. ನನ್ನ ‘ಇಂಗ್ಲಿಷ್ ಮೇಡಂ’ ಗತ್ತಿಗೆ ಇನ್ನೊಬ್ಬರ ಬಾಯಿ ಮುಚ್ಚಿಸುವ ಶಕ್ತಿಯಿತ್ತು ಎಂದು ತಿಳಿದು ನಗುವಿನ ನಡುವೆಯೂ ಚುಚ್ಚಿತು.

ಆ ಮಧ್ಯಾಹ್ನ ನಮ್ಮಿಬ್ಬರ ನಡುವೆ ಸಾಕಷ್ಟು ಚರ್ಚೆಯಾಯಿತು. ಟ್ರೇ ತುಂಬಿದರೆ ‘ಫುಲ್’, ಅದರಲ್ಲಿ ಅವರ ತಕರಾರಿರಲಿಲ್ಲ. ಎಣಿಸಿ ಕೂಡಿದ್ದು ‘ಟೋಟಲ್’. ‘ಹೋಲ್’ ಬೇಡವೇ ಬೇಡ, ‘ಇಡೀ’ ಎಂದೇ ಬರೆಯಿರಿ ಅಂದರು. ಒಂದೊಂದು ಹಂತ ಮುಗಿದಾಗ ‘ಆಯ್ತು’. ಎಲ್ಲ ಹಂತ ದಾಟಿ, ಅಳತೆ ನೋಡಿ, ಎಣ್ಣೆ ಸವರಿದ ಮೇಲೆ ಮಾತ್ರ ‘ಪೂರ್ತಿ’. ಆ ಜಾಗದಲ್ಲಿ ಸಹಿ ಯಾರದು? ಅವರದೇ ಎಂದೆ. ಅವರು ಬೇಡ ಬೇಡವೆಂದರು. ನಾನು ಬಿಡಲಿಲ್ಲ. ಮಾಲೀಕರೂ ಒಪ್ಪಿದರು.

ಗುರುವಾರ ಪಿನ್ನುಗಳ ಜೊತೆ ಟೆಂಪೋದಲ್ಲಿ ನಾನೂ ಹೋದೆ. ಹುಬ್ಬಳ್ಳಿಯ ಮೇಡಂ ಡಬ್ಬಿಯಿಂದ ಒಂದು ಪಿನ್ನೆತ್ತಿ ತೂತಿನ ಬಾಯಿಗಿಟ್ಟು ಕೈ ಬಿಟ್ಟರು. ಅದು ತನ್ನ ಭಾರಕ್ಕೆ ತಾನೇ ನಿಧಾನವಾಗಿ ಒಳಗಿಳಿಯಿತು. “ನೋಡ್ರಿ!” ಅಂದರು. ನಾನು ಇನ್ನೊಂದು ಪಿನ್ನನ್ನು ನನ್ನ ಕೈಯಾರೆ ಬಿಟ್ಟು ನೋಡಿದೆ. ಅದೂ ಇಳಿಯಿತು.

ವಾಪಸು ಬರುವಾಗ ಹೊಳೆದದ್ದು ಇಷ್ಟು: ಯಾವ ಕೆಲಸದ ಹೆಸರನ್ನು ಕಾರ್ಡಿನಲ್ಲಿ ಬರೆಯುತ್ತಿದ್ದೆನೋ ಆ ಕೆಲಸವನ್ನೇ ನಾನು ಒಮ್ಮೆಯೂ ಮಾಡಿ ನೋಡಿರಲಿಲ್ಲ. ಮರುದಿನ ಗ್ರೈಂಡಿಂಗ್ ಅಣ್ಣನನ್ನು ಕೇಳಿದೆ, ನನಗೂ ಕಲಿಸುತ್ತೀರಾ ಎಂದು. ಅವರು ನನ್ನನ್ನೂ ನನ್ನ ಸೆರಗನ್ನೂ ನೋಡಿ, “ನಾಳಿಂದ ಚೂಡಿದಾರ ಆಕ್ಕೊಂಡ್ ಬನ್ನಿ, ದುಪಟ್ಟಾ ಬೇಡ, ಕೂದ್ಲು ಗಟ್ಟಿ ಕಟ್ಟಿ” ಅಂದರು.

ಮೊದಲ ಪಿನ್ನಿನ ಮೇಲೆ ಗೆರೆಗಳೆದ್ದವು. ಎರಡನೆಯದು ಅಳತೆಗಿಂತ ಸಣ್ಣದಾಯಿತು. “ಇನ್ನೊಂದ್ ತಗೊಳಿ” ಎಂದರು ಅಣ್ಣ, ಅಷ್ಟೇ. ಈಗ ವಾರಕ್ಕೆ ಎರಡು ದಿನ ನಾನು ಮಷೀನಿನ ಮುಂದೆ ಇರುತ್ತೇನೆ. ತಣ್ಣನೆಯ ನೀರು ಚಿಮ್ಮಿ ತೋಳು ಒದ್ದೆಯಾಗುತ್ತದೆ, ಉಜ್ಜುವ ಕಲ್ಲಿನ ಸದ್ದು ಬದಲಾದದ್ದು ಕಿವಿಗೆ ತಿಳಿಯುತ್ತದೆ. ಹೊಸದಾಗಿ ಒಬ್ಬಳು ಡಿಪ್ಲೊಮಾ ಹುಡುಗಿ ಸೇರಿದ್ದಾಳೆ. ಮೊನ್ನೆ ಬಂದು, “ಅಕ್ಕ, ನಂಗೂ ಇದು ಬರುತ್ತಾ?” ಅಂದಳು. ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟೆ.