ನಂಜತ್ತೆಯ ಎಮ್ಮೆ

ಆ ಪಿಂಗಾಣಿ ಎಮ್ಮೆಯನ್ನು ಮಾಡಿದ್ದು ನಮ್ಮ ನಂಜತ್ತೆ. ಅದರ ಹೊಟ್ಟೆಯಡಿ ತನ್ನ ಹೆಸರು ಕೊರೆದುಕೊಂಡದ್ದು ನಮ್ಮಪ್ಪ. ನಡೆದದ್ದು ಇಷ್ಟೇ. ಹಸಿ ಮಣ್ಣಿನ ವಾಸನೆಗೆ ಎಲ್ಲರೂ ಆಹಾ ಎನ್ನುತ್ತಾರೆ, ನಾನು ಇವತ್ತಿಗೂ ಎದ್ದು ಕಿಟಕಿ ಮುಚ್ಚುತ್ತೇನೆ.

ಚಾಮರಾಜಪೇಟೆಯ ಆ ಮನೆ ಈಗಿಲ್ಲ. ಅದರ ಹಿತ್ತಲಿನ ತಗಡಿನ ಚಪ್ಪರದಡಿ ಅಪ್ಪ ಕೆಲಸ ಮಾಡುತ್ತಿದ್ದರು. ಮದರಾಸಿನಲ್ಲಿ ಶಿಲ್ಪ ಕಲಿತು ಬಂದವರು. ಪಿಂಗಾಣಿ ಕಾರ್ಖಾನೆಯೊಂದಕ್ಕೆ ಹೊಸ ಥರದ ಪ್ರಾಣಿಗಳನ್ನು ಮಣ್ಣಿನಲ್ಲಿ ಮಾಡಿಕೊಡಬೇಕಿತ್ತು, ಕಾರ್ಖಾನೆಯವರು ಅದರಿಂದ ಅಚ್ಚು ತೆಗೆದು ಪಿಂಗಾಣಿಯಲ್ಲಿ ಎರೆದು ಸುಡುತ್ತಿದ್ದರು. ಅಪ್ಪನ ಎಮ್ಮೆ ತಲೆಯೆತ್ತಿ ನಿಂತಿತ್ತು. ಮೂರು ಸಲ ಸುಟ್ಟರು, ಮೂರು ಸಲವೂ ಕೊಂಬು ಮುರಿದೇ ಹೊರಗೆ ಬಂತು. ಅಪ್ಪ ಭಟ್ಟಿಯವರನ್ನು ಬೈದರು.

ನಂಜತ್ತೆ ಅಪ್ಪನ ಅಕ್ಕ, ಚಿಕ್ಕ ವಯಸ್ಸಿಗೇ ಗಂಡ ಹೋಗಿ ನಮ್ಮಲ್ಲೇ ಇದ್ದವಳು. ದಿನಾ ಬೆಳಿಗ್ಗೆ ಹಾಲಿನವನು ಎಮ್ಮೆಯನ್ನು ಬಾಗಿಲಿಗೇ ಹೊಡೆದುಕೊಂಡು ಬಂದು ಎದುರಿಗೇ ಕರೆದು ಕೊಡುತ್ತಿದ್ದ. ನೀರು ಬೆರೆಸದಂತೆ ಕಾಯುವುದು ಅತ್ತೆಯ ಕೆಲಸ. ಅವಳು ಚೊಂಬು ಬಿಟ್ಟು ಎಮ್ಮೆಯನ್ನೇ ನೋಡುತ್ತಿದ್ದಳು. ಒಂದು ಮಧ್ಯಾಹ್ನ, ನಾನು ತುಳಿದು ಹದ ಮಾಡಿದ ಮಣ್ಣಿನಲ್ಲಿ, ಮಲಗಿಕೊಂಡು ಬೆನ್ನು ನೆಕ್ಕುವ ಎಮ್ಮೆ ಮಾಡಿದಳು. ಕತ್ತು ಹಿಂದಕ್ಕೆ ತಿರುಗಿ ಕೊಂಬು ಮೈಗೇ ಅಂಟಿತ್ತು.

"ಇನ್ನೆಲ್ಲಿ ಮುರಿಯತ್ತೆ, ನೋಡೋಣ," ಎಂದಳು. ಅಪ್ಪ ಅದರಡಿ ತಮ್ಮ ಹೆಸರು ಕೊರೆದು ಕಾರ್ಖಾನೆಗೆ ಕಳಿಸಿದರು; ಸುಟ್ಟರೂ ಮುರಿಯಲಿಲ್ಲ.

ಆ ವರ್ಷದ ದಸರೆಯ ಗೊಂಬೆ ಹಬ್ಬಕ್ಕೆ ಪಟ್ಟದ ಗೊಂಬೆಗಳ ಪಕ್ಕದಲ್ಲಿ ಬಿಳಿ ಎಮ್ಮೆ ಕೂತಿತು. ಸಂಜೆ ಕಾರ್ಖಾನೆಯ ಸಾಹೇಬರು ಬಂದರು. ಗಂಡ ಸತ್ತವಳು ಹಬ್ಬದ ಮನೆಯಲ್ಲಿ ಎದುರಿಗೆ ಬರಬಾರದಂತೆ. ಅತ್ತೆ ವಿಧವೆಯರ ಕೆಂಪು ಸೀರೆಯುಟ್ಟು ಅಡಿಗೆಮನೆ ಬಾಗಿಲ ಹಿಂದೆ ನಿಂತಿದ್ದಳು.

"ಕೊಂಬು ಮೈಗೆ ಅಂಟಿಸ್ಬಿಟ್ಟಿದೀರಲ್ಲ, ಏನು ತಲೆ ಸ್ವಾಮಿ ನಿಮ್ದು!"

"ಹಾಗೇ ಹೊಳೀತು," ಎಂದರು ಅಪ್ಪ, ಅತ್ತೆ ಕರಿದ ಚಕ್ಕುಲಿ ಮುರಿಯುತ್ತ.

ಸಾಹೇಬರು ನನ್ನ ಕೆನ್ನೆ ಹಿಂಡಿದರು. "ಏನು ಪುಟ್ಟಿ, ಅಪ್ಪ ಇದನ್ನ ಮಾಡೋವಾಗ ನೀನು ನೋಡಿದ್ಯಾ?"

ಬಾಗಿಲ ಸಂದಿಯಲ್ಲಿ ಅತ್ತೆಯ ಕೆಂಪು ಸೀರೆ ಕಾಣುತ್ತಿತ್ತು. ಅಪ್ಪ ನನ್ನನ್ನೇ ನೋಡುತ್ತಿದ್ದರು.

"ಹೂಂ, ನೋಡ್ದೆ," ಎಂದೆ. ಸಾಹೇಬರು ಕೈತುಂಬ ಪೆಪ್ಪರಮೆಂಟು ಕೊಟ್ಟರು. ಥೂ, ಎಷ್ಟು ಅಗ್ಗದ ಬಾಯಿ ನನ್ನದು.

ಅವರು ಹೋದ ಮೇಲೆ ಅಪ್ಪ ಅಡಿಗೆಮನೆಗೆ ಬಂದು, "ಅಕ್ಕಾ, ಇನ್ನೂ ಆರು ಪ್ರಾಣಿ ಬೇಕಂತೆ," ಎಂದರು. ಅತ್ತೆ ನನ್ನ ಕಡೆ ತಿರುಗಿದಳು. ನನ್ನ ಮುಷ್ಟಿ ನೋಡಿ, "ನನ್ನೆದುರಿಗೆ ತಿನ್ಬೇಡ ಕಣೇ," ಎಂದಳು.

ಮಾರನೆಯ ಬೆಳಿಗ್ಗೆ ಅವಳು ಬಾಗಿಲಲ್ಲಿ ನಿಂತು ಚೊಂಬನ್ನಷ್ಟೇ ನೋಡಿದಳು, ಎಮ್ಮೆಯನ್ನಲ್ಲ. ನಾನು ಹಿತ್ತಲಿಗೆ ಹೋಗಿ, ಯಾರೂ ಹೇಳದಿದ್ದರೂ, ಪೆಪ್ಪರಮೆಂಟು ಚೀಪುತ್ತ ಆರು ಪ್ರಾಣಿಗಾಗುವಷ್ಟು ಮಣ್ಣು ತುಳಿದೆ.